ಹಂಸಕ್ಕೂ ಬಗೆಹರಿಯದ ಮಿಶ್ರಣ

ಎರಡು ಫೋಟಾನ್‌ಗಳನ್ನು ಒಟ್ಟಿಗೆ ಹುಟ್ಟಿಸಿ ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಕಳಿಸುವ ಉಪಕರಣಗಳು ಇಂದು ಅನೇಕ ಪ್ರಯೋಗಾಲಯಗಳಲ್ಲಿವೆ. ಎಲ್ಲವೂ ಅಂದುಕೊಂಡಂತೆ ನಡೆದರೆ ಆ ಜೋಡಿಯ ನಡುವೆ ವಿಚಿತ್ರವಾದ ನಂಟಿರುತ್ತದೆ: ಜೋಡಿಯ ಬಗ್ಗೆ ತಿಳಿಯಬಹುದಾದದ್ದೆಲ್ಲ ತಿಳಿದಿದ್ದರೂ ಅದರಲ್ಲಿನ ಒಂದೊಂದು ಫೋಟಾನಿನ ಬಗ್ಗೆ ಖಚಿತವಾಗಿ ಏನನ್ನೂ ಹೇಳಲಾಗದು. ಎರ್ವಿನ್ ಶ್ರೋಡಿಂಗರ್ 1935ರಲ್ಲಿ ಇದನ್ನು ಎಂಟ್ಯಾಂಗಲ್‌ಮೆಂಟ್ ಎಂದು ಕರೆದರು. ಇಲ್ಲಿ ಹೆಣಿಗೆ ಎನ್ನುತ್ತೇನೆ. ಆದರೆ ಪ್ರಯೋಗಾಲಯದಲ್ಲಿ ಎಲ್ಲವೂ ಅಂದುಕೊಂಡಂತೆ ನಡೆಯುವುದು ಅಪರೂಪ. ಫೈಬರ್ ಕೇಬಲ್ಲು ಬೆಳಕಿನ ಧ್ರುವೀಕರಣವನ್ನು ತಿರುಚುತ್ತದೆ. ಬೇರೆ ಬೇರೆ ಜೋಡಿಗೆ ಸೇರಿದ ಫೋಟಾನ್‌ಗಳು ಒಂದೇ ಹೊತ್ತಿಗೆ ಬಂದು ಒಂದೇ ಜೋಡಿಯೆಂದು ಎಣಿಕೆಯಾಗುತ್ತವೆ. ಹೀಗೆ ಗದ್ದಲ ಸೇರಿಕೊಂಡು ಕೈಗೆ ಬರುವುದು ಮಿಶ್ರ ಸ್ಥಿತಿ. ಅದನ್ನು ಕಂಡ ಕೂಡಲೇ ಯಾರಿಗಾದರೂ ಹುಟ್ಟುವ ಪ್ರಶ್ನೆ ಒಂದೇ: ಇದರಲ್ಲಿ ಹೆಣೆದ ಪಾಲೆಷ್ಟು, ಬಿಡಿ ಪಾಲೆಷ್ಟು? ಈ ಪ್ರಶ್ನೆಗೆ ಗಣಿತ ಖಚಿತವಾದ ಉತ್ತರವನ್ನೇ ಕೊಡುತ್ತದೆ. ಆದರೆ ಆ ಉತ್ತರವನ್ನು ವಸ್ತುವಿನೊಳಗೆ ಕುಳಿತಿರುವ ಎರಡು ಘಟಕಗಳ ತೂಕವೆಂದು ಓದಿದರೆ ದಾರಿ ತಪ್ಪುತ್ತೇವೆ ಎಂಬುದು ನನ್ನ ವಾದ. ಇಲ್ಲಿ ಹೆಣಿಗೆಯೇ ಇಲ್ಲವೆನ್ನುವವರು ತಮ್ಮ ಕಥೆಯನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬುದರ ಗಡಿಯನ್ನು ಆ ಉತ್ತರ ಹೇಳುತ್ತದೆ, ಅಷ್ಟೇ.

ಬಿಡಿ ಎಂದರೆ ಏನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. 1989ರಲ್ಲಿ ಜರ್ಮನಿಯ ರೈನ್‌ಹಾರ್ಡ್ ವರ್ನರ್ ಕೊಟ್ಟ ವ್ಯಾಖ್ಯೆ ಇಂದಿಗೂ ನಡೆದಿದೆ. ದೂರದೂರ ಕುಳಿತ ಇಬ್ಬರು ನಾಣ್ಯ ಚಿಮ್ಮಿ, ಫಲಿತಾಂಶವನ್ನು ಫೋನಿನಲ್ಲಿ ಹಂಚಿಕೊಂಡು, ತಮ್ಮ ತಮ್ಮ ಫೋಟಾನನ್ನು ಬೇರೆಬೇರೆಯಾಗಿ ಸಿದ್ಧಪಡಿಸಿ ಯಾವ ಸ್ಥಿತಿಯನ್ನು ತಯಾರಿಸಬಲ್ಲರೋ ಅದು ಬಿಡಿ ಸ್ಥಿತಿ. ಎಷ್ಟು ಫೋನು ಮಾಡಿದರೂ ಹಾಗೆ ತಯಾರಿಸಲಾಗದ್ದು ಹೆಣೆದ ಸ್ಥಿತಿ. ಈ ವ್ಯಾಖ್ಯೆ ಹೇಗೆ ತಯಾರಾಯಿತು ಎಂದು ಕೇಳುವುದಿಲ್ಲ, ಹೇಗೆ ತಯಾರಿಸಬಹುದಿತ್ತು ಎಂದು ಕೇಳುತ್ತದೆ ಎಂಬುದನ್ನು ಓದುಗರು ಗಮನಿಸಬೇಕು. ಮುಂದಿನ ಗೊಂದಲಗಳೆಲ್ಲ ಇಲ್ಲಿಂದಲೇ ಹುಟ್ಟುತ್ತವೆ. ಒಂದು ಉದಾಹರಣೆ ನೋಡಿ. ಎರಡೂ ಫೋಟಾನ್‌ಗಳ ಧ್ರುವೀಕರಣ ಅಡ್ಡವಾಗಿರುವುದು ಒಂದು ಸಾಧ್ಯತೆ, ಎರಡೂ ಲಂಬವಾಗಿರುವುದು ಇನ್ನೊಂದು. ಈ ಎರಡನ್ನು ಅಲೆಗಳಂತೆ ಕೂಡಿಸಿದರೆ ಒಂದು ಪೂರ್ಣ ಹೆಣಿಗೆಯ ಸ್ಥಿತಿ, ಕಳೆದರೆ ಇನ್ನೊಂದು ಪೂರ್ಣ ಹೆಣಿಗೆಯ ಸ್ಥಿತಿ. ಈಗ ಉಪಕರಣವೊಂದು ಐವತ್ತು ಸಲ ಮೊದಲನೆಯದನ್ನೂ ಐವತ್ತು ಸಲ ಎರಡನೆಯದನ್ನೂ ಕ್ರಮ ತಿಳಿಸದೆ ಕಳಿಸಿತು ಎನ್ನಿ. ಕೂಡಿದ್ದು ಕಳೆದದ್ದು ಒಂದನ್ನೊಂದು ಅಳಿಸಿಹಾಕಿ ಉಳಿಯುವುದೇನು? ಅರ್ಧ ಸಲ ಎರಡೂ ಅಡ್ಡ, ಅರ್ಧ ಸಲ ಎರಡೂ ಲಂಬ. ಇದನ್ನು ಒಂದು ನಾಣ್ಯ, ಒಂದು ಫೋನು ಇಟ್ಟುಕೊಂಡು ಯಾರು ಬೇಕಾದರೂ ಮಾಡಬಹುದು. ಹಾಕಿದ ಸಾಮಾನು ನೂರಕ್ಕೆ ನೂರು ಹೆಣೆದದ್ದು. ಬಂದ ಪದಾರ್ಥದಲ್ಲಿ ಹೆಣಿಗೆ ಸೊನ್ನೆ.

ವರ್ನರ್ ಅದೇ ಪ್ರಬಂಧದಲ್ಲಿ ಪರಿಶೀಲಿಸಿದ ಸ್ಥಿತಿಗಳು ಇದನ್ನು ಇನ್ನಷ್ಟು ಹರಿತಗೊಳಿಸುತ್ತವೆ. ಸಿಂಗ್ಲೆಟ್ ಎಂಬ ಪೂರ್ಣ ಹೆಣಿಗೆಯ ಜೋಡಿಗಳನ್ನು ಒಂದಷ್ಟು, ಏನೂ ನಂಟಿಲ್ಲದ ಶುದ್ಧ ಗದ್ದಲವನ್ನು ಮಿಕ್ಕಷ್ಟು ಬೆರೆಸಿದರೆ ಸಿಗುವವು ಇವು. ನೂರಕ್ಕೆ 30 ಸಿಂಗ್ಲೆಟ್, 70 ಗದ್ದಲ ಎಂದಿಟ್ಟುಕೊಳ್ಳಿ. ಹೆಣೆದ ಪಾಲು 30 ಎಂದು ಹೇಳಲು ನಾಲಿಗೆ ತುದಿಯಲ್ಲೇ ಇರುತ್ತದೆ. ಆದರೆ ಈ ಸ್ಥಿತಿ ಪೂರ್ತಿ ಬಿಡಿ. ಸಿಂಗ್ಲೆಟ್ ಪಾಲು ಮೂರನೇ ಒಂದನ್ನು ದಾಟುವವರೆಗೆ ಹೆಣಿಗೆ ತಲೆಯೆತ್ತುವುದೇ ಇಲ್ಲ. ಇದನ್ನು ತಿಳಿಯುವ ಪರೀಕ್ಷೆಯನ್ನು 1996ರಲ್ಲಿ ಆಷರ್ ಪೆರೆಸ್ ಕೊಟ್ಟರು: ಜೋಡಿಯಲ್ಲಿ ಒಂದಕ್ಕೆ ಮಾತ್ರ ಕಾಲವನ್ನು ಹಿಂದಕ್ಕೆ ಓಡಿಸಿದಂತೆ ಲೆಕ್ಕ ಬದಲಿಸಿ ನೋಡಬೇಕು, ಸಂಭವನೀಯತೆಗಳಾಗಿ ಬರಬೇಕಾದ ಸಂಖ್ಯೆಗಳಲ್ಲಿ ಒಂದಾದರೂ ಋಣವಾದರೆ ಸ್ಥಿತಿ ಹೆಣೆದದ್ದು. ಇಂಥ ಎರಡು ಫೋಟಾನ್‌ಗಳ ಮಟ್ಟಿಗೆ ಈ ಪರೀಕ್ಷೆ ಎಂದೂ ತಪ್ಪುವುದಿಲ್ಲವೆಂದು ಪೋಲೆಂಡಿನ ಹೊರೊಡೆಕಿಗಳು, ಅಂದರೆ ಒಬ್ಬ ತಂದೆ ಮತ್ತು ಇಬ್ಬರು ಮಕ್ಕಳು, ಅದೇ ವರ್ಷ ತೋರಿಸಿದರು. ವರ್ನರ್ ಸ್ಥಿತಿಯಲ್ಲಿ ಆ ಅತಿ ಚಿಕ್ಕ ಸಂಖ್ಯೆ ಬರುವುದು ಒಂದರಿಂದ ಸಿಂಗ್ಲೆಟ್ ಪಾಲಿನ ಮೂರು ಪಟ್ಟನ್ನು ಕಳೆದು ನಾಲ್ಕರಿಂದ ಭಾಗಿಸಿದಾಗ. ಪಾಲು 0.3 ಆದರೆ ಅದು 0.025, ಇನ್ನೂ ಧನ, ಪಾಲು 0.5 ಆದರೆ ಋಣ 0.125. ಮೂವತ್ತು ಸಿಂಗ್ಲೆಟ್‌ಗಳನ್ನು ನಿಜವಾಗಿಯೂ ಕಳಿಸಿದ್ದರೂ ಅವು ಯಾವ ಮೂವತ್ತು ಎಂಬ ನೋಟ್‌ಬುಕ್ ಕೈಯಲ್ಲಿಲ್ಲದಿದ್ದರೆ ಯಾವ ಅಳತೆಯೂ ಅವನ್ನು ಹೊರಗೆಳೆಯಲಾರದು.

ನಮ್ಮ ಅಲಂಕಾರಶಾಸ್ತ್ರದವರು ಎರಡು ಬಗೆಯ ಬೆರಕೆಯನ್ನು ಗುರುತಿಸಿದ್ದರು. ಎಳ್ಳು ಅಕ್ಕಿ ಬೆರೆಸಿದರೆ ಕಾಳು ಕಾಳಾಗಿ ಆರಿಸಬಹುದು, ಅದು ತಿಲತಂಡುಲ ನ್ಯಾಯ. ಹಾಲು ನೀರು ಬೆರೆತರೆ ಆರಿಸಲಾಗದು, ಅದು ಕ್ಷೀರನೀರ ನ್ಯಾಯ. ಮಿಶ್ರ ಸ್ಥಿತಿಯನ್ನು ಎಳ್ಳಕ್ಕಿಯೆಂದು ಭಾವಿಸುವುದೇ ನಮ್ಮ ತೊಂದರೆಯ ಮೂಲ. ಅದು ಹಾಲುನೀರು, ಅದೂ ಕವಿಸಮಯದ ಹಂಸ ಬಂದರೂ ಬಗೆಹರಿಯದ್ದು. ಏಕೆಂದರೆ ಹಂಸಕ್ಕೆ ಬೇರ್ಪಡಿಸಲು ಅಲ್ಲಿ ಹಾಲು ಎಂಬುದೊಂದು ನಿಶ್ಚಿತವಾಗಿ ಇರಬೇಕಲ್ಲ? ಈ ತಿಳಿವು ಕ್ವಾಂಟಮ್ ಸಿದ್ಧಾಂತಕ್ಕಿಂತ ಹಳೆಯದು. ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ 1852ರಲ್ಲಿ ಭಾಗಶಃ ಧ್ರುವೀಕೃತ ಬೆಳಕನ್ನು ನಾಲ್ಕು ಸಂಖ್ಯೆಗಳಲ್ಲಿ ವಿವರಿಸಿ, ಅದನ್ನು ಪೂರ್ಣ ಧ್ರುವೀಕೃತ ಪಾಲು ಮತ್ತು ಧ್ರುವೀಕರಣವೇ ಇಲ್ಲದ ಪಾಲು ಎಂದು ಒಂದೇ ರೀತಿಯಲ್ಲಿ ಒಡೆಯಬಹುದೆಂದು ತೋರಿಸಿದರು. ಆದರೆ ಸ್ಟೋಕ್ಸ್ ಅದೇ ಉಸಿರಿನಲ್ಲಿ ಇನ್ನೊಂದು ಮಾತನ್ನೂ ಸ್ಥಾಪಿಸಿದ್ದರು: ನಾಲ್ಕು ಸಂಖ್ಯೆಗಳು ಒಂದೇ ಆದ ಎರಡು ಕಿರಣಗಳನ್ನು, ಅವು ಹೇಗೆ ಹುಟ್ಟಿದ್ದರೂ, ಬೇರೆಬೇರೆಯೆಂದು ಗುರುತಿಸಲಾಗದು. ಅಂದರೆ ಆ ಕಿರಣವನ್ನು ಪರಸ್ಪರ ಲಂಬವಾದ ಎರಡು ಪೂರ್ಣ ಧ್ರುವೀಕೃತ ಕಿರಣಗಳ ಬೆರಕೆ ಎಂದರೂ ಸರಿಯೇ. ಒಡೆಯುವ ಒಂದು ಸೊಗಸಾದ ರೀತಿ ಇದೆ ಎಂಬ ಕಾರಣಕ್ಕೆ ವಸ್ತು ಹಾಗೆಯೇ ಒಡೆದಿದೆ ಎಂದಾಗುವುದಿಲ್ಲ. ಸ್ಟೋಕ್ಸ್ ಇಟ್ಟ ಈ ಎರಡು ಹೆಜ್ಜೆಗಳಲ್ಲಿ ಮೊದಲನೆಯದನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಮರೆಯುವುದು ಇಂದಿಗೂ ಸಾಮಾನ್ಯ.

ಹೆಣಿಗೆಯ ವಿಷಯದಲ್ಲಿ ಸ್ಟೋಕ್ಸರ ಮೊದಲ ಹೆಜ್ಜೆಗೆ ಸಮನಾದದ್ದನ್ನು 1998ರಲ್ಲಿ ಮಾಚೇಯ್ ಲೆವೆನ್‌ಸ್ಟೈನ್ ಮತ್ತು ಅನ್ನಾ ಸಾನ್ಪೆರಾ ಇಟ್ಟರು. ಅವರ ವಿಧಾನ ಸರಳ. ಮಿಶ್ರ ಸ್ಥಿತಿಯಿಂದ ಬಿಡಿ ಸ್ಥಿತಿಗಳನ್ನು ಒಂದೊಂದಾಗಿ ಕಳೆಯುತ್ತ ಹೋಗಿ. ಪ್ರತಿ ಸಲ ಉಳಿದದ್ದು ಯಾವ ಅಳತೆಗೂ ಋಣ ಸಂಭವನೀಯತೆ ಕೊಡದಂತೆ ನೋಡಿಕೊಳ್ಳಿ. ಇನ್ನು ಒಂದಿಷ್ಟನ್ನೂ ಕಳೆಯಲಾಗದ ಘಟ್ಟ ತಲುಪಿದಾಗ, ಕಳೆದದ್ದರ ಒಟ್ಟು ತೂಕ ಸಾಧ್ಯವಾದಷ್ಟು ಹೆಚ್ಚಿರುವಂತೆ ಹೊಂದಿಸಿ. ಎರಡು ಫೋಟಾನ್‌ಗಳಿದ್ದರೆ ಕೊನೆಗೆ ಉಳಿಯುವುದು ಒಂದೇ ಒಂದು ಶುದ್ಧ, ಅಂದರೆ ಬೆರಕೆಯಿಲ್ಲದ, ಹೆಣೆದ ಸ್ಥಿತಿ. ಈ ಒಡೆತ ಒಂದೇ ರೀತಿಯದು ಎಂಬುದನ್ನು ಎಲ್ಲ ಗಾತ್ರದ ಜೋಡಿಗಳಿಗೂ ಲೆವೆನ್‌ಸ್ಟೈನ್ ತಮ್ಮ ಸಹೋದ್ಯೋಗಿ ಕಾರ್ನಾಸ್ ಜೊತೆ 2001ರಲ್ಲಿ ಸಾಧಿಸಿದರು. ಅರ್ಧ ಸಿಂಗ್ಲೆಟ್ ಅರ್ಧ ಗದ್ದಲದ ವರ್ನರ್ ಸ್ಥಿತಿಗೆ ಇದನ್ನು ಹಚ್ಚಿ ನೋಡಿ. ಮೂರನೇ ಒಂದು ಸಿಂಗ್ಲೆಟ್ ಇರುವ ಗಡಿಯ ಸ್ಥಿತಿ ಬಿಡಿ ತಾನೆ? ಅದನ್ನು ಮುಕ್ಕಾಲು ಪಾಲು ತೆಗೆದುಕೊಂಡು ಕಾಲು ಪಾಲು ಸಿಂಗ್ಲೆಟ್ ಸೇರಿಸಿದರೆ ಸರಿಯಾಗಿ ನಮ್ಮ ಸ್ಥಿತಿ ಬರುತ್ತದೆ: ಮುಕ್ಕಾಲರ ಮೂರನೇ ಒಂದು ಎಂದರೆ ಕಾಲು, ಅದಕ್ಕೆ ಇನ್ನೊಂದು ಕಾಲು ಸೇರಿದರೆ ಅರ್ಧ. ಹೀಗಾಗಿ ಹೆಣೆದ ಪಾಲು ನೂರಕ್ಕೆ 25. ನೋಟ್‌ಬುಕ್ಕಿನಲ್ಲಿ 50 ಎಂದಿತ್ತು.

ಇಲ್ಲಿ ಎದುರಾಳಿ ಎದ್ದು ನಿಲ್ಲಬಹುದು. ಒಡೆತ ಒಂದೇ ರೀತಿಯದು ಎಂದ ಮೇಲೆ ನೋಟ್‌ಬುಕ್ಕನ್ನು ಬದಿಗಿಟ್ಟು 25 ಎಂಬುದನ್ನೇ ನಿಜವಾದ ಪಾಲು ಎನ್ನಬಾರದೇಕೆ? ಕಾರಣ ಎರಡಿವೆ. ಮೊದಲನೆಯದು, ಒಂದೇ ರೀತಿಯದೆಂಬುದು ನಾವು ಹಾಕಿದ ಷರತ್ತಿನ ಫಲ. ಬಿಡಿ ಪಾಲು ಗರಿಷ್ಠವಾಗಿರಲಿ ಎಂದು ಕೇಳಿದೆವು, ಗರಿಷ್ಠ ಒಂದೇ ಕಡೆ ಸಿಕ್ಕಿತು. ಹೆಣೆದ ಪಾಲು ಗರಿಷ್ಠವಾಗಿರಲಿ ಎಂದು ಕೇಳಿದ್ದರೆ? ಶುದ್ಧ ಗದ್ದಲವನ್ನು ನಾಲ್ಕು ಬೆಲ್ ಸ್ಥಿತಿಗಳ, ಅಂದರೆ ನಾಲ್ಕು ಪೂರ್ಣ ಹೆಣಿಗೆಗಳ, ಸಮಪಾಲು ಬೆರಕೆ ಎಂದೂ ಬರೆಯಬಹುದು; ಹಾಗಾಗಿ ಉತ್ತರ ನೂರಕ್ಕೆ ನೂರು. ಎರಡನೆಯದು ಇನ್ನೂ ಬಲವಾದದ್ದು. ಹತ್ತು ಸಾವಿರದಲ್ಲಿ 9,999 ಸಲ ಎರಡೂ ಅಡ್ಡವಾಗಿ, ಒಂದೇ ಸಲ ಎರಡೂ ಲಂಬವಾಗಿ ಕಾಣಿಸುವ, ಆದರೆ ಈ ಎರಡು ಸಾಧ್ಯತೆಗಳು ಅಲೆಗಳಂತೆ ಕೂಡಿರುವ ಶುದ್ಧ ಸ್ಥಿತಿಯೊಂದನ್ನು ತೆಗೆದುಕೊಳ್ಳಿ. ಹೆಣಿಗೆ ಇದೆ, ಆದರೆ ಹೆಸರಿಗೆ ಮಾತ್ರ; ಒಂದು ಸಿಂಗ್ಲೆಟ್ಟಿಗೆ ಒಂದು ಅಂಕ ಕೊಡುವ ಎಂಟ್ರೊಪಿ ಮಾನದಲ್ಲಿ ಇದಕ್ಕೆ ಸಿಗುವುದು 0.0015ರಷ್ಟು. ಲೆವೆನ್‌ಸ್ಟೈನ್–ಸಾನ್ಪೆರಾ ಲೆಕ್ಕ ಏನೆನ್ನುತ್ತದೆ? ಹೆಣೆದ ಪಾಲು ನೂರಕ್ಕೆ ನೂರು. ಶುದ್ಧ ಸ್ಥಿತಿಯಿಂದ ಇನ್ನೊಂದು ಸ್ಥಿತಿಯನ್ನು ಎಳ್ಳಷ್ಟು ಕಳೆದರೂ ಉಳಿದದ್ದು ಋಣಕ್ಕೆ ಜಾರುವುದರಿಂದ ಬೇರೆ ಉತ್ತರ ಸಾಧ್ಯವೇ ಇಲ್ಲ. ಆ ಹತ್ತು ಸಾವಿರದ ಒಂದು ಅಂಶವನ್ನೂ ತೆಗೆದರೆ ಉತ್ತರ ಒಮ್ಮೆಗೇ ಸೊನ್ನೆಗೆ ಧುಮುಕುತ್ತದೆ. ಪ್ರಮಾಣವೊಂದು ಹೀಗೆ ನಡೆದುಕೊಳ್ಳುವುದಿಲ್ಲ. ಇನ್ನು ತಯಾರಿಕೆಯ ವೆಚ್ಚದ ಕಡೆಯಿಂದ ನೋಡಿದರೆ ಮೂರನೆಯದೇ ಒಂದು ಸಂಖ್ಯೆ ಬರುತ್ತದೆ. ವಿಲಿಯಂ ವೂಟರ್ಸ್ 1998ರಲ್ಲಿ ಎರಡು ಕ್ಯೂಬಿಟ್‌ಗಳಿಗೆ, ಅಂದರೆ ನಮ್ಮ ಫೋಟಾನ್‌ಗಳ ಧ್ರುವೀಕರಣದಂಥ ಎರಡು ಮೂಲ ಸಾಧ್ಯತೆಗಳ ವ್ಯವಸ್ಥೆಗಳಿಗೆ, ಕೊಟ್ಟ ಸೂತ್ರದ ಪ್ರಕಾರ ಇದೇ ಅರ್ಧಂಬರ್ಧ ವರ್ನರ್ ಸ್ಥಿತಿಯ ನೂರು ಜೋಡಿ ತಯಾರಿಸಲು, ದೊಡ್ಡ ಪ್ರಮಾಣದಲ್ಲಿ ಮಾಡುವಾಗ ಸರಾಸರಿ, ಸುಮಾರು 12 ಸಿಂಗ್ಲೆಟ್ ಸಾಕು. ಕಾಲು ಪಾಲು ಪೂರ್ಣ ಹೆಣಿಗೆಯ ಬದಲು ಎಲ್ಲ ಜೋಡಿಗಳಿಗೂ ತೆಳುವಾದ ಹೆಣಿಗೆ ಹಂಚುವುದು ಅಗ್ಗ. ನೋಟ್‌ಬುಕ್ಕಿನಲ್ಲಿ 50, ಒಡೆತದಲ್ಲಿ 25, ವೆಚ್ಚದಲ್ಲಿ 12, ಇನ್ನೊಂದು ಬರಹದಲ್ಲಿ 100. ಸ್ಥಿತಿ ಮಾತ್ರ ಒಂದೇ.

ಹಾಗಿದ್ದರೆ ಬಿಡಿ ಪಾಲಿಗೇ ಏಕೆ ಇಷ್ಟು ಉದಾರ ಮನಸ್ಸು? ಎರಡೂ ದಿಕ್ಕು ಸಮಾನವಾಗಿದ್ದರೆ ಲೆವೆನ್‌ಸ್ಟೈನ್–ಸಾನ್ಪೆರಾ ಆಯ್ಕೆ ಬರೀ ಅಭಿರುಚಿಯ ವಿಷಯವಾಗುತ್ತಿತ್ತು. ಆದರೆ ದಿಕ್ಕುಗಳು ಸಮಾನವಲ್ಲ. ಬಿಡಿಯನ್ನು ಬಿಡಿಯೊಂದಿಗೆ ಎಷ್ಟು ಬೆರೆಸಿದರೂ ಬಿಡಿಯೇ ಬರುತ್ತದೆ. ಹೆಣೆದದ್ದನ್ನು ಹೆಣೆದದ್ದರೊಂದಿಗೆ ಬೆರೆಸಿದರೆ ಬಿಡಿ ಬರಬಹುದು, ಮೇಲೆ ಕಂಡ ಹಾಗೆ. ಆದ್ದರಿಂದ ಹೆಣಿಗೆಗಳಿಂದ ಕಟ್ಟಿದ ಪಾಕವನ್ನು ತೋರಿಸಿ ಹೆಣಿಗೆ ಇದೆ ಎಂದು ವಾದಿಸಲು ಬರುವುದಿಲ್ಲ. ಬಿಡಿ ಪಾಕವನ್ನು ತೋರಿಸಿ ಹೆಣಿಗೆ ಇಲ್ಲ ಎಂದು ಮಾತ್ರ ವಾದಿಸಬಹುದು. ಋಜುವಾತಿನ ಭಾರ ಹೆಣಿಗೆ ಇದೆ ಎನ್ನುವವರ ಮೇಲೆ ಬೀಳುತ್ತದೆ, ಸಂಶಯದ ಲಾಭ ಎದುರು ಪಕ್ಷಕ್ಕೆ ಹೋಗುತ್ತದೆ. ಬಿಡಿ ಪಾಲನ್ನು ಗರಿಷ್ಠಗೊಳಿಸುವುದೆಂದರೆ ಆ ಎದುರು ಪಕ್ಷಕ್ಕೆ ಸಾಧ್ಯವಾದ ಎಲ್ಲ ಲಾಭವನ್ನೂ ಕೊಟ್ಟು, ಆಮೇಲೂ ಅವರಿಂದ ವಿವರಿಸಲಾಗದೆ ಉಳಿಯುವುದನ್ನು ಗುರುತು ಹಾಕಿಕೊಳ್ಳುವುದು. ಹೆಸರಿಗೆ ಮಾತ್ರ ಹೆಣಿಗೆಯಿದ್ದ ಶುದ್ಧ ಸ್ಥಿತಿಗೆ ನೂರು ಅಂಕ ಬಂದದ್ದೂ ಈಗ ಅಸಂಬದ್ಧವೆನಿಸುವುದಿಲ್ಲ: ಅಲ್ಲಿ ಹೆಣಿಗೆ ತೆಳುವಾಗಿದ್ದರೂ ಬಿಡಿ ಕಥೆ ಒಂದು ಜೋಡಿಯನ್ನೂ ನಿಖರವಾಗಿ ವಿವರಿಸಲಾರದು.

ಇದಕ್ಕೆ ಒಂದು ಚೂಪಾದ ಆಕ್ಷೇಪವಿದೆ. ಅದನ್ನು ಎತ್ತಿದರೆ ವರ್ನರರೇ ಸಾಕ್ಷಿಯಾಗುತ್ತಾರೆ. ಅರ್ಧ ಸಿಂಗ್ಲೆಟ್ ಇರುವ ಸ್ಥಿತಿಯ ಮೇಲೆ ಎರಡೂ ಕಡೆಯವರು ಧ್ರುವೀಕರಣವನ್ನು ಯಾವ ಕೋನದಲ್ಲಿ ಅಳೆದರೂ ಬರುವ ಫಲಿತಾಂಶಗಳನ್ನೆಲ್ಲ, ಫೋಟಾನ್‌ಗಳು ಮೊದಲೇ ಹೊತ್ತು ತಂದ ಗುಪ್ತ ಸೂಚನೆಗಳಿಂದ ವಿವರಿಸಬಹುದೆಂದು 1989ರ ಪ್ರಬಂಧವೇ ತೋರಿಸಿತ್ತು. ಇಂಥ ಗುಪ್ತ ಸೂಚನೆಗಳು ಮೀರಲಾಗದ ಮಿತಿಗಳಾಗಿ ಜಾನ್ ಬೆಲ್ 1964ರಲ್ಲಿ ಕೊಟ್ಟಂಥ ಅಸಮಾನತೆಗಳು ಇಲ್ಲಿ ಮುರಿಯುವುದಿಲ್ಲ. ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಮುರಿಯಬೇಕಾದರೆ ಸಿಂಗ್ಲೆಟ್ ಪಾಲು 0.707 ದಾಟಬೇಕು. ಹಾಗಾದರೆ ವಿವರಣೆಗೆ ಸಿಗದ 25 ಎಲ್ಲಿ ಉಳಿಯಿತು? ಆಕ್ಷೇಪ ನ್ಯಾಯವಾದದ್ದು, ಆದರೆ ಅದು ಎರಡು ಬಗೆಯ ಕಥೆಗಳನ್ನು ಒಂದೆಂದು ಹಿಡಿಯುತ್ತದೆ. ಒಂದು, ಅಳತೆಯ ಅಂಕಿ ಅಂಶಗಳನ್ನು ಮರಳಿ ಹುಟ್ಟಿಸುವ ಕಥೆ. ಇನ್ನೊಂದು, ನಾಣ್ಯ ಮತ್ತು ಫೋನಿನಿಂದ ಆ ಸ್ಥಿತಿಯನ್ನೇ ತಯಾರಿಸುವ ಕಥೆ. ಎರಡನೆಯದು ಹೆಚ್ಚು ಕಠಿಣ, ನಾವು ಮಾತಾಡುತ್ತಿರುವುದು ಅದರ ಬಗ್ಗೆ. ಎರಡರ ನಡುವಿನ ಅಂತರ ಪೊಳ್ಳಲ್ಲ ಎಂಬುದಕ್ಕೆ ಲೂಯಿಸ್ ಮಸಾನೆಸ್ 2006ರಲ್ಲಿ ಸಾಧಿಸಿದ ಫಲಿತಾಂಶ ಸಾಕು: ಎರಡು ಕಡೆ ಹಂಚಿರುವ ಯಾವುದೇ ಹೆಣೆದ ಸ್ಥಿತಿಯೂ, ಎಷ್ಟೇ ದುರ್ಬಲವಾಗಿರಲಿ, ಬೇರೊಂದು ಸ್ಥಿತಿಯ ಟೆಲಿಪೋರ್ಟೇಶನ್ ಸಾಮರ್ಥ್ಯವನ್ನು, ಅಂದರೆ ಕಣವನ್ನೇ ಕಳಿಸದೆ ಅದರ ಸ್ಥಿತಿಯನ್ನು ದೂರಕ್ಕೆ ದಾಟಿಸುವ ಸಾಮರ್ಥ್ಯವನ್ನು, ಹೆಚ್ಚಿಸಬಲ್ಲದು. ಬಿಡಿ ಸ್ಥಿತಿ ಇದನ್ನು ಎಂದೂ ಮಾಡಲಾರದು.

ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಆಕ್ಷೇಪ ನೋಟ್‌ಬುಕ್ಕಿನದು. ಉಪಕರಣ ನಡೆಸಿದವರು ಮೂವತ್ತು ಸಿಂಗ್ಲೆಟ್ ಕಳಿಸಿದ್ದು ನಡೆದ ಸಂಗತಿ. ನಮಗೆ ತಿಳಿಯದು ಎಂದ ಮಾತ್ರಕ್ಕೆ ನಡೆದದ್ದು ನಡೆಯದೆ ಹೋಗುವುದೇ? ಹೋಗುವುದಿಲ್ಲ. ಆದರೆ ಆ ಸಂಗತಿ ನೋಟ್‌ಬುಕ್ಕಿನಲ್ಲಿದೆ, ಜೋಡಿಗಳಲ್ಲಿಲ್ಲ. ನೋಟ್‌ಬುಕ್ ಸೇರಿಸಿಕೊಂಡರೆ ವಿಚಾರಿಸಬೇಕಾದ ವಸ್ತುವೇ ಬೇರೆಯಾಗುತ್ತದೆ, ಆಗ ಹೆಣಿಗೆಯ ಲೆಕ್ಕವೂ ಬೇರೆ. ಅಷ್ಟಕ್ಕೂ ಮಿಶ್ರ ಸ್ಥಿತಿಗೆಲ್ಲ ಇಂಥ ನೋಟ್‌ಬುಕ್ ಇರಬೇಕೆಂದೇನೂ ಇಲ್ಲ. ಜೋಡಿ ಮೂರನೆಯ ವಸ್ತುವಿನೊಂದಿಗೆ ಹೆಣೆದುಕೊಂಡಿದ್ದು ಆ ಮೂರನೆಯದು ನಮ್ಮ ಕೈತಪ್ಪಿದ್ದರೂ ಉಳಿಯುವುದು ಮಿಶ್ರ ಸ್ಥಿತಿಯೇ. ಶ್ರೋಡಿಂಗರ್ 1936ರಲ್ಲಿಯೇ ಕಂಡಿದ್ದ, 1993ರಲ್ಲಿ ಹ್ಯೂಸ್ಟನ್, ಜೋಸಾ, ವೂಟರ್ಸ್ ಪೂರ್ಣರೂಪದಲ್ಲಿ ವಿವರಿಸಿದ ಸಂಗತಿಯೊಂದು ಇಲ್ಲಿ ಎದುರಾಗುತ್ತದೆ. ಆ ಮೂರನೆಯದನ್ನು ಪೂರ್ತಿಯಾಗಿ ಕೈಯಲ್ಲಿಟ್ಟುಕೊಂಡವರು ಅದನ್ನು ಯಾವ ರೀತಿ ಅಳೆಯಬೇಕೆಂದು ಆರಿಸಿಕೊಂಡು, ಜೋಡಿಗಳನ್ನು ಗಣಿತ ಒಪ್ಪುವ ಯಾವ ಒಡೆತಕ್ಕೆ ಬೇಕಾದರೂ ವಿಂಗಡಿಸಬಹುದು. ಒಂದು ಬಗೆಯಲ್ಲಿ ಅಳೆದರೆ ಸಿಂಗ್ಲೆಟ್‌ಗಳ ಪಟ್ಟಿ ಸಿಗುತ್ತದೆ, ಇನ್ನೊಂದು ಬಗೆಯಲ್ಲಿ ಅಳೆದರೆ ಬಿಡಿ ಜೋಡಿಗಳ ಪಟ್ಟಿ. ಜೋಡಿಗಳು ಹೊರಟು ಹೋಗಿ ಎಷ್ಟು ಹೊತ್ತಾದ ಮೇಲಾದರೂ ಈ ಆಯ್ಕೆ ಮಾಡಬಹುದು. ನಿಜವಾದ ಪಾಕ ಒಂದೇ ಎಂಬ ನಂಬಿಕೆ ಇಲ್ಲಿ ಕುಸಿಯುತ್ತದೆ. ಇದು ಬರೀ ತತ್ವಚಿಂತನೆಯೂ ಅಲ್ಲ. ಕ್ವಾಂಟಮ್ ರಹಸ್ಯ ಕೀಲಿ ಹಂಚುವವರ ಪಾಲಿಗೆ ಆ ಮೂರನೆಯವರೇ ಕದ್ದು ಕೇಳುವವರು. ಅವರು ತಮಗೆ ಅನುಕೂಲವಾದ ಒಡೆತವನ್ನೇ ಆರಿಸುತ್ತಾರೆ, ಅಂದರೆ ಬಿಡಿ ಜೋಡಿಗಳ ಪಟ್ಟಿಯನ್ನು. ಪಟ್ಟಿ ಅವರ ಕೈಸೇರಿದರೆ ಕೀಲಿಯಲ್ಲಿ ರಹಸ್ಯವೇ ಉಳಿಯದು. ಪಡೆದ ದತ್ತಾಂಶವನ್ನು ಬಿಡಿ ಸ್ಥಿತಿಯೊಂದರಿಂದ ವಿವರಿಸಬಹುದಾದರೆ ಅದರಿಂದ ಸುರಕ್ಷಿತ ಕೀಲಿ ತೆಗೆಯಲಾಗದು ಎಂದು 2004ರಲ್ಲಿ ತೋರಿಸಿದ ಮೂವರಲ್ಲಿ ಇದೇ ಲೆವೆನ್‌ಸ್ಟೈನ್ ಒಬ್ಬರು. ಗರಿಷ್ಠ ಬಿಡಿ ಪಾಲಿನ ನಿಜವಾದ ಮನೆ ಇದು: ಕಳ್ಳ ಎಷ್ಟು ಕದಿಯಬಲ್ಲ ಎಂಬ ಅಂದಾಜು.

ಪಾಲನ್ನು ಘಟಕವೆಂದು ಓದುವ ಅಭ್ಯಾಸ ಎಷ್ಟು ಬಲವಾದದ್ದೆಂಬುದಕ್ಕೆ 1990ರ ದಶಕದ ಕೊನೆಯ ಎನ್‌ಎಂಆರ್ (ನ್ಯೂಕ್ಲಿಯರ್ ಮ್ಯಾಗ್ನೆಟಿಕ್ ರೆಸೊನೆನ್ಸ್) ಕ್ವಾಂಟಮ್ ಕಂಪ್ಯೂಟರ್‌ಗಳ ಕಥೆಯನ್ನು ನೋಡಬಹುದು. ದ್ರವದಲ್ಲಿನ ಅಣುಗಳ ನ್ಯೂಕ್ಲಿಯಸ್‌ಗಳನ್ನು ಕ್ಯೂಬಿಟ್‌ಗಳಾಗಿ ಬಳಸುವ ಈ ಕೆಲಸ 1997ರಿಂದ ಅಮೆರಿಕದಲ್ಲಿ ವೇಗ ಪಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅನಿಲ್ ಕುಮಾರ್ ಅವರ ತಂಡವೂ ಇದರಲ್ಲಿ ಮುಂಚೂಣಿಯಲ್ಲಿತ್ತು. ಕೋಣೆಯ ಉಷ್ಣತೆಯಲ್ಲಿ ಆ ದ್ರವದ ಸ್ಥಿತಿ ಬಹುಪಾಲು ಶುದ್ಧ ಗದ್ದಲ. ಅದರ ಮೇಲೆ ಲಕ್ಷಕ್ಕೆ ಒಂದರ ಆಸುಪಾಸಿನಲ್ಲಿ ಬೇಕಾದ ಸ್ಥಿತಿಯ ಲೇಪ. ಗದ್ದಲ ಸಂಕೇತವನ್ನೇ ಕೊಡದ ಕಾರಣ ಉಪಕರಣಕ್ಕೆ ಕಾಣುವುದು ಆ ಲೇಪ ಮಾತ್ರ. ಅದನ್ನು ಮಿಥ್ಯಾ ಶುದ್ಧ ಸ್ಥಿತಿ ಎಂದು ಕರೆದರು, ಅದು ಹೆಣೆದದ್ದಾಗಿದ್ದರೆ ಹೆಣಿಗೆ ಸಿಕ್ಕಿತೆಂದರು. 1999ರಲ್ಲಿ ಬ್ರೌನ್‌ಸ್ಟೈನ್, ಕೇವ್ಸ್ ಮತ್ತು ಅವರ ನಾಲ್ವರು ಸಹೋದ್ಯೋಗಿಗಳು ಲೆಕ್ಕ ಹಾಕಿ, ಶುದ್ಧ ಗದ್ದಲದ ಸುತ್ತ ಒಂದು ನಿಶ್ಚಿತ ದೂರದವರೆಗೆ ಇರುವುದೆಲ್ಲ ಬಿಡಿ ಸ್ಥಿತಿಯೇ ಎಂದೂ, ಅಲ್ಲಿಯವರೆಗಿನ ಎನ್‌ಎಂಆರ್ ಪ್ರಯೋಗಗಳ ಸ್ಥಿತಿಗಳೆಲ್ಲ ಆ ಗಡಿಯೊಳಗೇ ಬೀಳುತ್ತವೆ ಎಂದೂ ತೋರಿಸಿದರು. ಲೇಪ ಮತ್ತು ಗದ್ದಲ ಎಂದು ಒಡೆದದ್ದು ಪ್ರಯೋಗದವರ ಅನುಕೂಲಕ್ಕೆ. ದ್ರವ ಅದಕ್ಕೆ ಬದ್ಧವಾಗಿರಲಿಲ್ಲ. ಹಾಗೆಂದು ಆ ಪ್ರಯೋಗಗಳು ವ್ಯರ್ಥ ಎನ್ನುವುದು ದುಡುಕಿನ ಮಾತು. ಒಂದೊಂದು ಕ್ಷಣದ ಸ್ಥಿತಿ ಬಿಡಿಯಾಗಿದ್ದರೂ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಸಾಗುವ ಗಣನೆಯನ್ನು ಮಾಮೂಲಿ ಕಂಪ್ಯೂಟರು ಸುಲಭವಾಗಿ ಅನುಕರಿಸಬಲ್ಲದೆಂದು ಆಗುವುದಿಲ್ಲ. ನಿಲ್ ಮತ್ತು ಲಾಫ್ಲಾಮ್ 1998ರಲ್ಲಿ ಮುಂದಿಟ್ಟ ಒಂದೇ ಶುದ್ಧ ಕ್ಯೂಬಿಟ್ಟಿನ ಗಣಕ ಇಂಥ ಪ್ರಶ್ನೆಯನ್ನೇ ಎತ್ತಿತ್ತು. ಅಲ್ಲಿ ಸಿಕ್ಕದ್ದು ಹೆಣಿಗೆಯಲ್ಲ ಎನ್ನುವುದು ಒಂದು ಮಾತು, ಅಲ್ಲಿ ಕ್ವಾಂಟಮ್ ಏನೂ ಇಲ್ಲ ಎನ್ನುವುದು ಬೇರೆಯೇ ಮಾತು.

ಇಷ್ಟೆಲ್ಲ ಹೇಳಿದ ಮೇಲೆ ಹೆಣಿಗೆಯೇ ನೋಡುವವರ ಕಣ್ಣಿನಲ್ಲಿದೆ ಎಂಬ ತೀರ್ಮಾನಕ್ಕೆ ಯಾರಾದರೂ ಹಾರಬಹುದು. ಅದನ್ನು ನಾನು ಒಪ್ಪುವುದಿಲ್ಲ. ಇಡೀ ಸ್ಥಿತಿಯನ್ನು ನಾಣ್ಯ ಮತ್ತು ಫೋನಿನಿಂದ ತಯಾರಿಸಬಹುದೇ ಇಲ್ಲವೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿದೆ, ಅದು ಯಾರ ಇಷ್ಟಕ್ಕೂ ಬಗ್ಗುವುದಿಲ್ಲ. ಅದರಿಂದ ಎಷ್ಟು ಸಿಂಗ್ಲೆಟ್ ಭಟ್ಟಿಯಿಳಿಸಬಹುದು, ಅದನ್ನು ತಯಾರಿಸಲು ಎಷ್ಟು ಸಿಂಗ್ಲೆಟ್ ಬೇಕು ಎಂಬವಕ್ಕೂ ಹಾಗೆಯೇ. ವಸ್ತುನಿಷ್ಠತೆ ಇರುವುದು ಇಡೀ ಸ್ಥಿತಿಯ ಮಟ್ಟದಲ್ಲಿ. ಪಾಲುಗಳ ಮಟ್ಟಕ್ಕೆ ಇಳಿದಾಗ ಅದು ಕರಗುತ್ತದೆ. ಭಟ್ಟಿಯಿಳಿದದ್ದೂ ತಯಾರಿಕೆಗೆ ಹಾಕಿದ್ದೂ ಸಮವಾಗಿದ್ದಿದ್ದರೆ, ಅಷ್ಟು ಹೆಣಿಗೆ ಒಳಗಿದೆ ಎಂಬ ಮಾತಿಗೆ ಅರ್ಥವಿರುತ್ತಿತ್ತು. ಅವು ಸಮವಲ್ಲ. ಹೊರೊಡೆಕಿಗಳು 1998ರಲ್ಲಿ ತೋರಿಸಿದ ಬಂಧಿತ ಹೆಣಿಗೆಯ ಸ್ಥಿತಿಗಳನ್ನು ಮಾಡಲು ಸಿಂಗ್ಲೆಟ್ ಬೇಕು, ಅವುಗಳಿಂದ ಒಂದು ಸಿಂಗ್ಲೆಟ್ಟೂ ಹೊರಬರದು. ಮೂವರ ಕೈಯಲ್ಲಿ ಒಂದೊಂದರಂತೆ ಮೂರು ಕಣಗಳಿದ್ದರೆ ವಿಚಿತ್ರ ಇನ್ನೂ ಹೆಚ್ಚು: ಚಾರ್ಲ್ಸ್ ಬೆನೆಟ್ ಮತ್ತು ಸಂಗಡಿಗರು 1999ರಲ್ಲಿ ಕಟ್ಟಿದ ಒಂದು ಸ್ಥಿತಿಯಲ್ಲಿ ಒಬ್ಬರನ್ನು ಒಂದು ಕಡೆ, ಉಳಿದಿಬ್ಬರನ್ನು ಇನ್ನೊಂದು ಕಡೆ ಯಾವ ರೀತಿ ವಿಭಜಿಸಿದರೂ ಆ ಗೆರೆಯ ಮೇಲೆ ಹೆಣಿಗೆ ಇಲ್ಲ, ಆದರೂ ಮೂವರೂ ಬೇರೆಬೇರೆಯಾಗಿ ಕುಳಿತು ಅದನ್ನು ತಯಾರಿಸಲಾರರು. ಅಂಥಲ್ಲಿ ಹೆಣೆದ ಪಾಲು ಯಾರ ಮತ್ತು ಯಾರ ನಡುವೆ ಇದೆ ಎಂದು ಬೆರಳಿಟ್ಟು ತೋರಿಸುವುದು? ಜೊತೆಗೆ, ಸ್ಥಿತಿ ದೊಡ್ಡದಾದಂತೆ ಅದು ಬಿಡಿಯೇ ಹೆಣೆದದ್ದೇ ಎಂದು ಹೇಳುವ ಲೆಕ್ಕವೇ ವಿಪರೀತ ಕಷ್ಟದ ವರ್ಗಕ್ಕೆ ಸೇರಿದ್ದೆಂದು ಲಿಯೊನಿಡ್ ಗುರ್ವಿಟ್ಸ್ 2003ರಲ್ಲಿ ಸಾಧಿಸಿದ್ದಾರೆ.

ಹೀಗಿರುವಾಗ ಪ್ರಯೋಗಾಲಯ ಯಾವ ಸಂಖ್ಯೆಯನ್ನು ಪ್ರಕಟಿಸಬೇಕು? ಎರಡು ಫೋಟಾನ್‌ಗಳ ಮಟ್ಟಿಗೆ ನನ್ನ ಉತ್ತರ ಸರಳ, ಅದಕ್ಕೆ ಸ್ಥಿತಿಯ ಪೂರ್ಣ ನಕ್ಷೆ ತೆಗೆಯುವ ಅಗತ್ಯವೂ ಇಲ್ಲ. ಎರಡೂ ಕಡೆ ಧ್ರುವೀಕರಣವನ್ನು ಮೂರು ಬಗೆಯಲ್ಲಿ ಅಳೆಯಬೇಕು: ಅಡ್ಡ–ಲಂಬ, ಓರೆ, ವೃತ್ತೀಯ. ಪ್ರತಿ ಬಗೆಯಲ್ಲೂ ಎರಡು ಕಡೆಯ ಫಲಿತಾಂಶಗಳು ಎಷ್ಟರಮಟ್ಟಿಗೆ ತಾಳೆಯಾಗುತ್ತವೆ ಎಂಬುದಕ್ಕೆ ಋಣ ಒಂದರಿಂದ ಧನ ಒಂದರವರೆಗಿನ ಒಂದು ಸಂಖ್ಯೆ ಬರುತ್ತದೆ. ಒಂದರಿಂದ ಆ ಮೂರನ್ನೂ ಕಳೆದು ನಾಲ್ಕರಿಂದ ಭಾಗಿಸಿದರೆ ಸ್ಥಿತಿ ಸಿಂಗ್ಲೆಟ್ಟಿಗೆ ಎಷ್ಟು ಹತ್ತಿರವಿದೆ ಎಂಬುದು ತಿಳಿಯುತ್ತದೆ. ನಮ್ಮ ಅರ್ಧಂಬರ್ಧ ಸ್ಥಿತಿಯಲ್ಲಿ ಮೂರೂ ಋಣ 0.5, ಆದ್ದರಿಂದ ಉತ್ತರ 0.625. ಯಾವ ಬಿಡಿ ಸ್ಥಿತಿಯೂ ಇಲ್ಲಿ 0.5 ದಾಟಲಾರದು, ಯಾವ ಹೆಣೆದ ಸ್ಥಿತಿಯೂ 1 ದಾಟಲಾರದು. ಹಾಗಾಗಿ ಬಿಡಿ ಕಥೆಗೆ ಸಿಗದೆ ಉಳಿಯುವ ಪಾಲು, ಈ ಸಂಖ್ಯೆಯ ಎರಡು ಪಟ್ಟಿನಿಂದ ಒಂದನ್ನು ಕಳೆದಷ್ಟಾದರೂ ಇರಲೇಬೇಕು. 0.625ರ ಎರಡು ಪಟ್ಟು 1.25, ಒಂದು ಕಳೆದರೆ 0.25. ಲೆವೆನ್‌ಸ್ಟೈನ್–ಸಾನ್ಪೆರಾ ಒಡೆತದಲ್ಲಿ ಬಂದದ್ದೂ ಅದೇ ನೂರಕ್ಕೆ 25. ಗದ್ದಲ ಬೇರೆ ಬಗೆಯದಾಗಿದ್ದರೆ ಈ ಮೂರು ಅಳತೆಗಳ ಉತ್ತರ ನಿಜವಾದ ಗಡಿಗಿಂತ ಕೆಳಗೆ ಉಳಿಯಬಹುದು, ಮೇಲೆ ಹೋಗದು. ಪ್ರಬಂಧದಲ್ಲಿ ಬರೆಯಬೇಕಾದದ್ದು ಆ ಕನಿಷ್ಠವನ್ನು, ಕನಿಷ್ಠ ಎಂಬ ಮಾತಿನ ಸಮೇತ.